ಪುಟ್ಟಿ, ಮಾತ್ರೆ ಮಾತ್ರ ಅರ್ಧ ಮಾಡಬೇಡ

ಪುಟ್ಟಿ, ನೀನು ರಾತ್ರಿ ಗ್ರೂಪಿಗೆ ಹಾಕಿದ ರಿಪೋರ್ಟ್ ಈಗ ನೋಡಿದೆ. ಥೈರಾಯ್ಡ್ ಪೂರ್ತಿ ತೆಗೆದು ಮೂರು ತಿಂಗಳಾಯ್ತು, ಟಿಎಸ್‌ಎಚ್ 14 ಬಂದಿದೆ, ಮೈಯೆಲ್ಲ ಭಾರ, ತೋಟದ ದರೆ ಹತ್ತಲು ಆಗುತ್ತಿಲ್ಲ ಅಂದಿದ್ದೀಯ. ಅದಕ್ಕೆ ದೊಡ್ಡ ಬಾವ "ಜಾಸ್ತಿ ಬಂದಿದೆಯಲ್ಲ, ಮಾತ್ರೆ ಅರ್ಧ ಮಾಡು" ಅಂತ ಬರೆದಿದ್ದಾರೆ. ಬಾವ, ಬೇಜಾರು ಮಾಡಿಕೊಳ್ಳಬೇಡಿ, ಲೆಕ್ಕ ಉಲ್ಟಾ ಇದೆ.

ಟಿಎಸ್‌ಎಚ್ ಅಂದರೆ ಥೈರಾಯ್ಡ್ ಹಾರ್ಮೋನ್ ಅಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ "ಸಾಲುತ್ತಿಲ್ಲ, ಇನ್ನೂ ಕೊಡು" ಅಂತ ಕೂಗುವುದು ಅದು. ಹಾರ್ಮೋನ್ ಕಡಿಮೆಯಾದಷ್ಟೂ ಕೂಗು ಜೋರು. ಹಾಗಾಗಿ 14 ಬಂದಿದೆ ಅಂದರೆ ನಿನ್ನ ಮೈಗೆ ಮಾತ್ರೆ ಸಾಲುತ್ತಿಲ್ಲ. ಥೈರಾಯ್ಡ್ ಗ್ರಂಥಿಯೇ ಇಲ್ಲದವರಿಗೆ ಆ ಹಾರ್ಮೋನ್ ಮಾತ್ರೆಯೇ ಗ್ರಂಥಿ. ಅದನ್ನು ಅರ್ಧ ಮಾಡಿದರೆ ಇನ್ನೂ ಸುಸ್ತಾಗಿ ಮಲಗುತ್ತೀಯ.

ಹಾಗಂತ ನೀನೇ ಎರಡು ನುಂಗಲೂ ಬೇಡ ಕಣೇ. ಎದೆ ಢವಢವ ಅನ್ನುತ್ತದೆ, ಕೈ ನಡುಗುತ್ತದೆ, ನಿದ್ದೆ ಹತ್ತುವುದಿಲ್ಲ. ಗ್ರಂಥಿ ಪೂರ್ತಿ ತೆಗೆದವರಿಗೆ ಸಾಮಾನ್ಯವಾಗಿ ಕೆಜಿಗೆ 1.6 ಮೈಕ್ರೋಗ್ರಾಂನಂತೆ ಶುರು ಮಾಡುತ್ತಾರೆ. ನೀನು 60 ಕೆಜಿ, ನಿನಗೆ ಕೊಟ್ಟಿದ್ದು 100. ಲೆಕ್ಕ ಸರಿಯಾಗೇ ಇದೆ. ಮತ್ತೆ ಯಾಕೆ ಏರಿತು? ನನಗೆ ಅನುಮಾನ ನೀನು ನುಂಗುವ ರೀತಿ ಮೇಲೆ.

ನನಗೂ ಹೀಗೇ ಆಗಿತ್ತು. ಅಡಿಕೆ ಕೊಯ್ಲಿನ ಹೊತ್ತು, ಬೆಳಿಗ್ಗೆ ಐದಕ್ಕೇ ಆಳುಗಳಿಗೆ ತಿಂಡಿ ಆಗಬೇಕು. ಥೈರಾಯ್ಡ್ ಮಾತ್ರೆ, ಆಪರೇಷನ್ ನಂತರ ಕೊಟ್ಟ ಕ್ಯಾಲ್ಸಿಯಂ ಮಾತ್ರೆ, ಎರಡನ್ನೂ ಅಂಗೈ ಮೇಲಿಟ್ಟುಕೊಂಡು ಒಂದೇ ಸಲಕ್ಕೆ ಬಾಯಿಗೆ ಹಾಕಿ, ಮೇಲಿಂದ ಕಾಫಿ ಕುಡಿಯುತ್ತಿದ್ದೆ. ರಿಪೋರ್ಟ್ ಏರಿತು. ಡಾಕ್ಟರ್ ಡೋಸ್ ಮುಟ್ಟಲಿಲ್ಲ. "ಯಾವುದರ ಜೊತೆ ನುಂಗುತ್ತೀರಮ್ಮ?" ಅಂತ ಕೇಳಿದರು, ಅಷ್ಟೇ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಹೊಟ್ಟೆಯಲ್ಲಿ ಇದನ್ನು ಹಿಡಿದಿಟ್ಟುಕೊಳ್ಳುತ್ತವೆ, ರಕ್ತಕ್ಕೆ ಹೋಗಲು ಬಿಡುವುದಿಲ್ಲ. ಕಾಫಿಯೂ ಅಡ್ಡ ಬರುತ್ತದೆ. ನಡುವೆ ನಾಲ್ಕು ಗಂಟೆ ಬಿಟ್ಟೆ, ಮುಂದಿನ ಸಲ ಅಂಕಿ ಇಳಿದಿತ್ತು.

ಈಗ ನನ್ನ ಮಾತ್ರೆ ಡಬ್ಬಿ ತಲೆದಿಂಬಿನ ಹತ್ತಿರವೇ ಇರುತ್ತದೆ, ಪಕ್ಕದಲ್ಲಿ ಒಂದು ಚೊಂಬು ನೀರು. ಎದ್ದವಳೇ ನುಂಗಿ, ಬಚ್ಚಲ ಒಲೆಗೆ ಬೆಂಕಿ ಹಾಕಿ, ಹಂಡೆ ನೀರು ಕಾಯುವ ತನಕ ಬೇರೆ ಕೆಲಸ. ಕಾಫಿ ಆಮೇಲೆ, ಏನಿಲ್ಲ ಅಂದರೂ ಅರ್ಧ ಮುಕ್ಕಾಲು ಗಂಟೆ ಬಿಟ್ಟು. ಹಾಲು ಹಾಕಿದ ಕಷಾಯಕ್ಕೂ ಇದೇ ಮಾತು. ಕ್ಯಾಲ್ಸಿಯಂ ಮಧ್ಯಾಹ್ನ, ರಾತ್ರಿ ಊಟದ ಮೇಲೆ. ಡಬ್ಬಿಯನ್ನು ಒಲೆ ಮೇಲಿನ ಗೂಡಿನಲ್ಲಿ ಇಡಬೇಡ, ಬಿಸಿಯೂ ತೇವವೂ ಅದಕ್ಕೆ ಆಗುವುದಿಲ್ಲ. ನಮ್ಮ ಮಳೆಗಾಲ ಗೊತ್ತಲ್ಲ, ಮುಚ್ಚಳ ಬಿಗಿಯಾಗಿರಲಿ.

ಕ್ಯಾಲ್ಸಿಯಂ ಬಿಟ್ಟೇ ಬಿಡಬೇಡ ಮತ್ತೆ. ಕ್ಯಾಲ್ಸಿಯಂ ಇಳಿದು ತುಟಿ ಸುತ್ತ, ಬೆರಳ ತುದಿ ಜುಮ್ಮೆಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗು.

ಇನ್ನೊಂದು, ನಿನ್ನ ಅಂಕಿಯನ್ನು ನನ್ನದರ ಜೊತೆ ಹೋಲಿಸಬೇಡ. ನನ್ನದು ಕ್ಯಾನ್ಸರ್ ಗಡ್ಡೆ, ನನ್ನ ಟಿಎಸ್‌ಎಚ್ ಬೇಕೆಂದೇ ಕಡಿಮೆ ಇಟ್ಟಿದ್ದಾರೆ. ನಿನ್ನದು ಸಾದಾ ಗಡ್ಡೆ ಅಂತ ಬಯಾಪ್ಸಿಯಲ್ಲಿ ಬಂತಲ್ಲ, ದೇವರು ದೊಡ್ಡವನು.

ಇವತ್ತೇ ಡಾಕ್ಟರ್‌ಗೆ ಫೋನ್ ಮಾಡು. ಏನೇನು ಯಾವಾಗ ನುಂಗುತ್ತೀಯ ಅಂತ ಬಿಡಿಸಿ ಹೇಳು. ಡೋಸ್ ಏರಿಸಬೇಕೋ ಬೇಡವೋ ಅವರು ಹೇಳಲಿ. ಏನೇ ಬದಲಾಯಿಸಿದರೂ ಮರುವಾರವೇ ರಕ್ತ ಕೊಡಲು ಓಡಬೇಡ. ಮಾತ್ರೆಯ ಹಾರ್ಮೋನ್ ಮೈಯಲ್ಲಿ ಅರ್ಧಕ್ಕೆ ಇಳಿಯುವುದಕ್ಕೇ ಸುಮಾರು 7 ದಿನ ಬೇಕು. ರಕ್ತದಲ್ಲಿ ಸರಿಯಾಗಿ ಕಾಣಲು 6ರಿಂದ 8 ವಾರ. ರಕ್ತ ಕೊಡುವ ದಿನ ಮಾತ್ರೆಯನ್ನು ಜೊತೆಗೆ ತಂದುಕೋ, ಕೊಟ್ಟ ಮೇಲೆ ನುಂಗು. ತೀರ್ಥಹಳ್ಳಿಯಿಂದ ಮೊದಲ ಬಸ್ಸಿಗೆ ಬಾ, ನಾನು ಶಿವಮೊಗ್ಗ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತೇನೆ. ತಿಂಡಿ ಕಟ್ಟಿಕೊಂಡು ಬರುತ್ತೇನೆ.