ಪದಚರ್ಚೆ: ‘ಸೆನ್ಸಾ ಸೋರ್ದೀನೋ’ಗೆ ಕನ್ನಡದಲ್ಲಿ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ.

ಬೀಥೋವನ್‌ನ ‘ಮೂನ್‌ಲೈಟ್’ ಸೊನಾಟಾ (ಹಲವು ಭಾಗಗಳ ಪಿಯಾನೋ ರಚನೆ) ಕಲಿಯುವವರಿಗಾಗಿ ಕನ್ನಡದಲ್ಲೊಂದು ಟಿಪ್ಪಣಿ ಸಿದ್ಧವಾಗುತ್ತಿದೆ. ಮೊದಲ ಭಾಗದ ನೆತ್ತಿಯ ಮೇಲೆ ಇಟಾಲಿಯನ್‌ನಲ್ಲಿ ಒಂದು ವಾಕ್ಯವಿದೆ: ‘ಸಿ ದೇವೆ ಸುವೊನಾರೆ ತುತ್ತೊ ಕ್ವೆಸ್ತೊ ಪೆತ್ಸೊ ದೆಲಿಕಾತಿಸ್ಸಿಮಾಮೆಂತೆ ಎ ಸೆನ್ಸಾ ಸೋರ್ದೀನೋ’. ಸದ್ಯಕ್ಕೆ ಹೀಗೆ ಬರೆದಿಟ್ಟಿದ್ದೇನೆ: ‘ಈ ಇಡೀ ಭಾಗವನ್ನು ಅತಿ ನಾಜೂಕಾಗಿ, ಮ್ಯೂಟ್ ಇಲ್ಲದೆ ನುಡಿಸತಕ್ಕದ್ದು.’ ಪಿಯಾನೋದಲ್ಲಿ ಮ್ಯೂಟ್ ಎಲ್ಲಿಂದ ಬಂತು ಎಂಬ ಅನುಮಾನ. ಇನ್ನೊಂದು ನಿಘಂಟು ‘ಡ್ಯಾಂಪರ್’ ಎನ್ನುತ್ತದೆ. ಯಾವುದು ಸರಿ?

ಜೊತೆಗೆ ಇನ್ನೆರಡು. ಶೀರ್ಷಿಕೆಯಲ್ಲಿರುವ ‘ಕ್ವಾಸಿ ಉನಾ ಫಂತಾಸಿಯಾ’ವನ್ನು ‘ಬಹುಮಟ್ಟಿಗೆ ಕಲ್ಪನೆಯಂತೆ’ ಎಂದು ಮಾಡಿದೆ, ಓದಿದರೆ ಸೊನಾಟಾ ಇದೆಯೋ ಇಲ್ಲವೋ ಅನ್ನಿಸುತ್ತದೆ. ‘ಮೂವ್‌ಮೆಂಟ್’ಗೆ ‘ಚಲನೆ’ ನಡೆದೀತೆ? ತಿಳಿದವರು ದಯವಿಟ್ಟು ಹೇಳಬೇಕು.

———

ನಮಸ್ಕಾರ ಮೇಡಂ.

ಸಣ್ಣವನ್ನು ಮೊದಲು ಮುಗಿಸೋಣ. ‘ಚಲನೆ’ ಬೇಡ, ‘ಭಾಗ’ ಸಾಕು. ‘ಮೊದಲ ಚಲನೆಯಲ್ಲಿ’ ಎಂದು ಓದಿದವರಿಗೆ ಏನು ಚಲಿಸಿತು ಎಂದೇ ಚಿಂತೆಯಾಗುತ್ತದೆ. ‘ಫಂತಾಸಿಯಾ’ ಆ ಕಾಲಕ್ಕೆ ಕನಸು ಕಲ್ಪನೆಗಳ ಮಾತಲ್ಲ. ಕಟ್ಟುಪಾಡಿನ ಚೌಕಟ್ಟಿಲ್ಲದೆ, ಕೂತಲ್ಲೇ ಹುಟ್ಟಿಸಿಕೊಂಡು ನುಡಿಸಿದಂತಿರುವ ರಚನೆಗೆ ಆ ಹೆಸರು. ನಮ್ಮ ಸಂಗೀತದವರ ಬಾಯಲ್ಲಿ ಇದಕ್ಕೆ ‘ಮನೋಧರ್ಮ’ ಎಂಬ ಮಾತು ಸಿದ್ಧವಾಗಿಯೇ ಇದೆ. ‘ಮನೋಧರ್ಮದ ಧಾಟಿಯ ಸೊನಾಟಾ’ ಎನ್ನಿ. ನಿಧಾನದ ಭಾಗವೇ ಮೊದಲಿಗೆ ಬರುವುದು, ಒಂದು ಭಾಗ ಮುಗಿಯುತ್ತಿದ್ದಂತೆ ನಿಲ್ಲದೆ ಮುಂದಿನದಕ್ಕೆ ಹೋಗಬೇಕೆಂಬ ಸೂಚನೆ, ಎಲ್ಲವೂ ಆ ಹೆಸರಿನೊಂದಿಗೆ ಹೊಂದುತ್ತವೆ. ‘ಬೆಳದಿಂಗಳು’ ಮಾತ್ರ ಬೀಥೋವನ್ ಇಟ್ಟದ್ದಲ್ಲ. ಲೂಸರ್ನ್ ಸರೋವರದ ಮೇಲಿನ ಬೆಳದಿಂಗಳಿಗೆ ಹೋಲಿಸಿದವನು ರೆಲ್‌ಸ್ಟಾಬ್ ಎಂಬ ವಿಮರ್ಶಕ. ಟಿಪ್ಪಣಿಯಲ್ಲಿ ಇದು ಒಂದು ಸಾಲಿನಲ್ಲಿ ಬರಲಿ, ಇಲ್ಲದಿದ್ದರೆ ಕಲಿಯುವವರು ಬೆಳದಿಂಗಳನ್ನು ನುಡಿಸಲು ಹೊರಟು ವೇಗವನ್ನು ಕೊಲ್ಲುತ್ತಾರೆ.

ಈಗ ಸೋರ್ದೀನೋ. ‘ಮ್ಯೂಟ್ ಇಲ್ಲದೆ’ ಬೇಡ. ‘ಡ್ಯಾಂಪರ್ ಇಲ್ಲದೆ’ ಅದಕ್ಕಿಂತಲೂ ಅಪಾಯ, ಪದ ಸರಿಯಾಗಿದ್ದರೂ.

‘ಸೋರ್ದೊ’ ಎಂದರೆ ಕಿವುಡು. ದನಿಗೆ ಹೇಳುವಾಗ ಮಂಕು. ಆ ಬೇರಿನಿಂದ ಬಂದ ‘ಸೋರ್ದೀನೋ’ ದನಿಯನ್ನು ಮಂಕು ಮಾಡುವ ಇಲ್ಲವೇ ಅಡಗಿಸುವ ಸಾಧನ. ಪಿಟೀಲಿನಲ್ಲಿ ಕುದುರೆಗೆ, ಅಂದರೆ ತಂತಿಗಳನ್ನು ಹೊತ್ತ ಮರದ ತುಂಡಿಗೆ, ಸಿಕ್ಕಿಸುವ ಚಿಕ್ಕ ಕ್ಲಿಪ್ಪು ಅದು, ಅಲ್ಲಿ ‘ಮ್ಯೂಟ್’ ಸರಿ. ಪಿಯಾನೋದಲ್ಲಿ ತಂತಿಗಳ ಮೇಲೆ ಕೂತಿರುವ ಫೆಲ್ಟ್ ಮೆತ್ತಿದ ದಿಮ್ಮಿಗಳಿಗೆ ಆ ಹೆಸರು. ಕೀಲಿ ಒತ್ತಿದಾಗ ಆ ಸ್ವರದ ದಿಮ್ಮಿ ಏಳುತ್ತದೆ, ಬೆರಳು ತೆಗೆದಾಗ ಕೂತು ನಾದವನ್ನು ನಿಲ್ಲಿಸುತ್ತದೆ. ದೇವಸ್ಥಾನದ ಗಂಟೆ ಬಾರಿಸಿ ಅಂಗೈ ಇಟ್ಟಂತೆ. ಬಲಗಡೆಯ ಪೆಡಲ್ ಒತ್ತಿದರೆ ಎಲ್ಲ ದಿಮ್ಮಿಗಳೂ ಒಟ್ಟಿಗೆ ಏಳುತ್ತವೆ. ಎಲ್ಲ ಅಂಗೈಗಳನ್ನೂ ತೆಗೆದ ಹಾಗೆ. ‘ಸೆನ್ಸಾ ಸೋರ್ದೀನೋ’ ಎಂದರೆ ಅದೇ: ದಿಮ್ಮಿ ಏಳಲಿ, ನಾದ ತೆರೆದಿರಲಿ.

ಎಡವುವ ಜಾಗಗಳು ಎರಡು. ‘ಮ್ಯೂಟ್ ಇಲ್ಲದೆ’ ಎಂದು ಓದಿದವರು ದನಿ ತಗ್ಗಿಸುವ ಎಡ ಪೆಡಲ್ ನೆನೆದು, ಅದನ್ನು ಮುಟ್ಟಬಾರದು ಎಂದುಕೊಳ್ಳುತ್ತಾರೆ. ಬಲ ಪೆಡಲ್ ಬಗ್ಗೆ ಏನೂ ಹೇಳಿಲ್ಲ ಎಂದು ಬಿಡುತ್ತಾರೆ. ‘ಡ್ಯಾಂಪರ್ ಇಲ್ಲದೆ’ ಎಂದು ಓದಿದವರದು ಇನ್ನೂ ವಿಚಿತ್ರ. ಪಾಠದ ಕೋಣೆಗಳಲ್ಲಿ ಬಲ ಪೆಡಲ್‌ಗೆ ‘ಡ್ಯಾಂಪರ್ ಪೆಡಲ್’ ಎಂದೇ ವಾಡಿಕೆ. ಹಾಗಾಗಿ ‘ಡ್ಯಾಂಪರ್ ಇಲ್ಲದೆ’ ಎಂದರೆ ‘ಆ ಪೆಡಲ್ ಇಲ್ಲದೆ’ ಎಂದು ಕಿವಿಗೆ ಬೀಳುತ್ತದೆ. ಕಾಲು ನೆಲಕ್ಕಿಟ್ಟು ಒಣಗಿದ ಟ್ರಿಪ್ಲೆಟ್ (ಸಮ ಅಂತರದ ಮೂರು ಸ್ವರಗಳ ಗುಂಪು) ಕುಟ್ಟುತ್ತಾರೆ. ಬೀಥೋವನ್ ಕೇಳಿದ್ದಕ್ಕೆ ಪೂರಾ ತಲೆಕೆಳಗು.

ಆದ್ದರಿಂದ ನನ್ನ ಸಲಹೆ ‘ಡ್ಯಾಂಪರ್‌ಗಳನ್ನು ಎತ್ತಿಟ್ಟು’. ‘ಇಲ್ಲದೆ’ಯನ್ನು ಕೈಬಿಟ್ಟು ಮಾಡಬೇಕಾದ ಕೆಲಸವನ್ನೇ ಹೇಳುವುದು. ಸಂಸ್ಕೃತದಿಂದ ‘ನಾದಾವರೋಧಕ’ ಎಂಬಂಥದ್ದನ್ನು ಕಟ್ಟಲು ಯಾರಾದರೂ ಹೊರಡುವ ಮೊದಲೇ ಹೇಳಿಬಿಡುತ್ತೇನೆ, ಪಿಯಾನೋ ರಿಪೇರಿ ಮಾಡುವವರೂ ನುಡಿಸುವವರೂ ‘ಡ್ಯಾಂಪರ್’ ಎಂದೇ ಹೇಳುವುದು.

ಸೊನಾಟಾ ಬರೆದದ್ದು 1801ರಲ್ಲಿ, ವಿಯೆನ್ನಾದಲ್ಲಿ ಕಾಪಿ ಎಂಬ ಪ್ರಕಾಶಕ ಅಚ್ಚು ಹಾಕಿದ್ದು 1802ರಲ್ಲಿ. ಅದಾದಮೇಲಿನ ಸೊನಾಟಾಗಳಲ್ಲಿ ಬೀಥೋವನ್ ‘ಪೆಡ್’ ಎಂಬ ಚಿಕ್ಕ ಗುರುತಿಗೆ ಬದಲಾಯಿಸಿಕೊಂಡ, ಆಮೇಲೆ ಈ ಗೊಂದಲ ಹುಟ್ಟುವುದೇ ಇಲ್ಲ. ಇದೇ ಸೊನಾಟಾದ ಮೂರನೇ ಭಾಗದಲ್ಲಿ ‘ಸೆನ್ಸಾ’ (ಇಲ್ಲದೆ) ಮತ್ತು ‘ಕೋನ್ (ಜೊತೆಗೆ) ಸೋರ್ದೀನೋ’ ಬೆನ್ನುಬೆನ್ನಿಗೆ ಬರುತ್ತವೆ. ಇವತ್ತಿನ ಮುದ್ರಣಗಳು ಅಲ್ಲಿ ಪೆಡಲ್ ಒತ್ತಲು ‘ಪೆಡ್’, ಬಿಡಲು ನಕ್ಷತ್ರದ ಗುರುತು ಹಾಕುತ್ತವೆ. ಪದದ ಅರ್ಥಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

———

ಮೇಲಿನ ಉತ್ತರಕ್ಕೆ ಒಂದು ತಕರಾರು, ಕಲಿಸುವ ಕಡೆಯಿಂದ.

ಅರ್ಥ ಒಪ್ಪಿದೆ ಸರ್, ‘ಎತ್ತಿಟ್ಟು’ ಒಪ್ಪಿಲ್ಲ. ಟಿಪ್ಪಣಿ ಓದುವವರ ಕಣ್ಣು ಹಾಳೆಯ ಮೇಲೆ, ಕಾಲು ಪೆಡಲ್ ಮೇಲೆ. ‘ಎತ್ತಿ’ ಎಂದು ಕಂಡ ತಕ್ಷಣ ಎತ್ತುವುದು ಕಾಲನ್ನೇ! ಡ್ಯಾಂಪರ್ ಏಳಬೇಕಾದರೆ ಕಾಲು ಇಳಿಯಬೇಕು. ಕನ್ನಡದ ಒಂದೇ ಕ್ರಿಯಾಪದ ಎರಡು ದಿಕ್ಕಿಗೆ ಎಳೆಯುತ್ತದೆ. ತಮಾಷೆಯೆಂದರೆ, ಆ ಕಾಲದ ವಿಯೆನ್ನಾ ಪಿಯಾನೋಗಳಲ್ಲಿ ಬಹಳಷ್ಟಕ್ಕೆ ಕಾಲಿನ ಪೆಡಲ್ ಬದಲು ಮೊಣಕಾಲಿನ ಸನ್ನೆಕೋಲು (ಲಿವರ್) ಇತ್ತು. ಮಂಡಿಯಿಂದ ಮೇಲಕ್ಕೆ ಒತ್ತಬೇಕು. ಅವರಿಗೆ ‘ಎತ್ತಿ’ ಸರಿಹೋಗುತ್ತಿತ್ತು, ನಮಗಲ್ಲ. ‘ಬಲ ಪೆಡಲ್ ಒತ್ತಿಕೊಂಡು’ ಎಂದು ಬರೆದು, ಡ್ಯಾಂಪರ್ ವಿಚಾರವನ್ನು ಅಡಿಯಲ್ಲಿ ವಿವರಿಸಿ.

ಅದೂ ಸಾಲದು. ‘ಒತ್ತಿಕೊಂಡು’ ಎಂದಷ್ಟೇ ಬರೆದರೆ ಮೊದಲ ಭಾಗದ 69 ಬಾರ್ (ತಾಳದ ಆವರ್ತದಂಥ ಒಂದೊಂದು ಅಳತೆ) ಪೂರ್ತಿ ಕಾಲು ತೆಗೆಯದೆ ನುಡಿಸುವವರಿದ್ದಾರೆ. ವಾಕ್ಯದ ಅಕ್ಷರಾರ್ಥ ಅದೇ ಎಂದು ವಾದಿಸಬಹುದು, ಆಂದ್ರಾಶ್ ಷಿಫ್ ಅಂಥ ಪಿಯಾನೋ ವಾದಕರು ವಾದಿಸಿದ್ದಾರೆ, ಹಾಗೆಯೇ ನುಡಿಸಿಯೂ ಇದ್ದಾರೆ. ಆದರೆ ಬೀಥೋವನ್ ಕಾಲದ ವಾದ್ಯದಲ್ಲಿ ತಂತಿ ತೆಳು, ಚೌಕಟ್ಟು ಮರದ್ದು, ನಾದ ಬೇಗ ಆರಿಹೋಗುತ್ತಿತ್ತು. ಇವತ್ತಿನ ಗ್ರ್ಯಾಂಡ್ ಪಿಯಾನೋದ ಮಂದ್ರಸ್ವರ ನಾಲ್ಕು ಬಾರ್ ದಾಟಿಯೂ ಗುಂಯ್‌ಗುಡುತ್ತದೆ. ಒಮ್ಮೆ ಪರೀಕ್ಷಿಸಿ ನೋಡಲಿ: ಪೆಡಲ್ ಬಿಡದೆ ಮೊದಲ ನಾಲ್ಕು ಬಾರ್. ಮೊದಲನೆಯದರಲ್ಲಿ ಎಡಗೈ ಸಿ ಶಾರ್ಪ್, ಎರಡನೆಯದರಲ್ಲಿ ಬಿ, ಇಲ್ಲಿಯವರೆಗೆ ಸಹಿಸಬಹುದು. ಮೂರನೆಯದರಲ್ಲಿ ಎ ಬಂದು, ನಡುವೆಯೇ ಎಫ್ ಶಾರ್ಪ್‌ಗೆ ಹೋಗಿ ಡಿ ಮೇಜರ್ ಸ್ವರಮೇಳ ಕೇಳುತ್ತದೆ. ಅಲ್ಲಿ ಕಲಸಲು ಶುರು. ನಾಲ್ಕನೆಯದರಲ್ಲಿ ಬಿ ಶಾರ್ಪ್, ಸಿ ಶಾರ್ಪ್ ಒಂದರ ಹಿಂದೊಂದು ಬರುತ್ತವೆ. ಅಕ್ಕಪಕ್ಕದ ಕೀಲಿಗಳು. ಎರಡೂ ಒಟ್ಟಿಗೆ ಉಳಿದರೆ ರಾಡಿ.

ಹಾಗಾಗಿ ಪಾಠದಲ್ಲಿ ಹೀಗೆ: ಒಂದು, ಎರಡನೇ ಬಾರ್‌ಗಳಿಗೆ ಒಂದೊಂದು ಪೆಡಲ್. ಮೂರಕ್ಕೆ ಎರಡು, ಮಂದ್ರಸ್ವರ ಬದಲಾದಲ್ಲಿ ಬದಲಾವಣೆ. ನಾಲ್ಕನೆಯದಕ್ಕೆ ಟ್ರಿಪ್ಲೆಟ್‌ಗೊಂದು, ಆದರೆ ಪೂರಾ ಬಿಡಬಾರದು, ಅರ್ಧ ಮಾತ್ರ. ಅರ್ಧ ಪೆಡಲ್‌ನಲ್ಲಿ ಡ್ಯಾಂಪರ್ ತಂತಿಯನ್ನು ಸವರಿ ಬಿಡುತ್ತದೆ. ಮೇಲಿನ ತೆಳು ತಂತಿ ತಕ್ಷಣ ಸುಮ್ಮನಾಗುತ್ತದೆ, ಕೆಳಗಿನ ದಪ್ಪ ತಂತಿ ಅಷ್ಟಕ್ಕೆಲ್ಲ ಜಗ್ಗುವುದಿಲ್ಲ. ಆ ಬಾರ್‌ನ ಎಡಗೈಯ ಮಂದ್ರದ ಜಿ ಶಾರ್ಪ್ ಉಳಿಯಿತು, ಮೇಲಿನ ಕಲಬೆರಕೆ ಹೋಯಿತು. ಬೀಥೋವನ್ ಬಯಸಿದ ತೆರೆದ ನಾದಕ್ಕೆ ಈಗಿನ ವಾದ್ಯದಲ್ಲಿ ಇದೇ ಹತ್ತಿರದ ದಾರಿ. ಅಗ್ಗದ ಡಿಜಿಟಲ್ ಕೀಬೋರ್ಡ್‌ಗಳ ಪೆಡಲ್ ಬರಿಯ ಸ್ವಿಚ್ಚು. ಹತ್ತಿತು, ಆರಿತು, ಅಷ್ಟೇ. ಅಂಥದ್ದರಲ್ಲಿ ನಾಲ್ಕನೇ ಬಾರ್‌ಗೆ ಎರಡು ಪೂರ್ಣ ಬದಲಾವಣೆಯಲ್ಲಿ ತೃಪ್ತಿಪಡಬೇಕು.

ಬದಲಾವಣೆಯ ಸಮಯಕ್ಕೂ ಒಂದು ಮಾತು ಟಿಪ್ಪಣಿಯಲ್ಲಿರಲಿ. ಹೊಸ ಮಂದ್ರಸ್ವರ ಬೀಳುವ ಕ್ಷಣದಲ್ಲೇ ಕಾಲು ಮೇಲೆ. ಅದು ಬಿದ್ದಮೇಲೆ, ಟ್ರಿಪ್ಲೆಟ್‌ನ ಎರಡನೇ ಸ್ವರದೊಳಗೆ, ಕಾಲು ಕೆಳಗೆ. ಮೊದಲೇ ಎತ್ತಿದರೆ ನಡುವೆ ತೂತು ಬೀಳುತ್ತದೆ. ಎತ್ತಿದ ಕೂಡಲೇ ಗಾಬರಿಯಿಂದ ಒತ್ತಿದರೆ ದಪ್ಪ ತಂತಿ ಇನ್ನೂ ನಿಂತಿರುವುದಿಲ್ಲ, ಹಳೆಯ ಸ್ವರ ಹೊಸದರ ಕೆಳಗೆ ಅಂಟಿಕೊಂಡೇ ಬರುತ್ತದೆ. ಎಡಗೈ ಬೆರಳು ಆ ಒಂದು ಗಳಿಗೆ ಕೀಲಿ ಹಿಡಿದೇ ಇರಬೇಕು. ಬೆರಳೂ ಬಿಟ್ಟು ಕಾಲೂ ಎತ್ತಿದರೆ ಮಂದ್ರವೇ ಮಾಯ, ಆಮೇಲೆ ಎಷ್ಟು ಪೆಡಲ್ ಒತ್ತಿದರೂ ಬರುವುದಿಲ್ಲ.

———

‘ಎತ್ತಿ’ ಬಗ್ಗೆ ಸೋತೆ. ‘ಒತ್ತಿಕೊಂಡು’ ಇರಲಿ.

ಇನ್ನು ಅದೇ ವಾಕ್ಯದ ‘ದೆಲಿಕಾತಿಸ್ಸಿಮಾಮೆಂತೆ’. ‘ನಾಜೂಕಾಗಿ’ ಎಂದರೆ ಗಾಜಿನ ಸಾಮಾನು ಎತ್ತಿಟ್ಟಂತೆ, ಭಯಭಯವಾಗಿ ಎನ್ನುವ ಛಾಯೆ ಬರುತ್ತದೆ. ‘ನವಿರಾಗಿ’ ಮೇಲು. ಭಯದಿಂದ ಮುಟ್ಟಿದ ಕೀಲಿಯಲ್ಲಿ ಕೆಲವು ಸ್ವರ ನುಡಿಯುವುದೇ ಇಲ್ಲ, ಹ್ಯಾಮರ್ ತಂತಿ ತಲುಪದೆ ವಾಪಸಾಗುತ್ತದೆ. ನವಿರು ಬರುವುದು ಟ್ರಿಪ್ಲೆಟ್‌ನಲ್ಲಿ ಬೆರಳನ್ನು ಕೀಲಿಯಿಂದ ಪೂರ್ತಿ ಮೇಲೆ ಬಿಡದೆ, ಅರ್ಧ ಏಳುವಷ್ಟರಲ್ಲಿ ಮತ್ತೆ ಒತ್ತುವುದರಿಂದ. ಐದನೇ ಬಾರ್‌ನ ಕೊನೆಗೆ ರಾಗ (ಮೇಲಿನ ಹಾಡುವ ಸಾಲು, ಮೆಲಡಿ) ಶುರುವಾಗುವುದು ಬಲಗೈಯ ಕಿರುಬೆರಳಲ್ಲಿ, ಕೈಯಲ್ಲೇ ದುರ್ಬಲವಾದದ್ದರಲ್ಲಿ. ತೂಕವನ್ನು ಆ ಕಡೆ ವಾಲಿಸಬೇಕು. ಹೆಬ್ಬೆರಳ ಕಡೆ ವಾಲಿದರೆ ಟ್ರಿಪ್ಲೆಟ್ ರಾಗವನ್ನು ನುಂಗುತ್ತದೆ. ಅಭ್ಯಾಸಕ್ಕೆ ರಾಗ ಮತ್ತು ಮಂದ್ರ ಮಾತ್ರ ನುಡಿಸಿ, ನಡುವಿನದನ್ನು ಕೀಲಿಯ ಮೇಲೆ ಸದ್ದಿಲ್ಲದೆ ಮುಟ್ಟುತ್ತಾ ಹೋಗುವುದು ಒಳ್ಳೆಯದು.

ಆ ರಾಗದ ಚಿಕ್ಕ ಸ್ವರದ ಬಗ್ಗೆಯೂ ಟಿಪ್ಪಣಿ ಬೇಕೇ ಬೇಕು. ಎಲ್ಲರೂ ತಪ್ಪುವ ಜಾಗ ಅದು. ಕರ್ನಾಟಕ ಸಂಗೀತ ಬಲ್ಲವರಿಗೆ ಇದು ಎರಡು ನಿಮಿಷದ ಪಾಠ. ಟ್ರಿಪ್ಲೆಟ್ ತಿಶ್ರ, ಅಂದರೆ ಮೂರರ ಲೆಕ್ಕ, ‘ತಕಿಟ’. ರಾಗದ ಚುಕ್ಕೆ ಹಾಕಿದ ಸ್ವರವೂ ಅದರ ಬಾಲದ ಚಿಕ್ಕ ಸ್ವರವೂ ಚತುರಶ್ರದ, ಅಂದರೆ ನಾಲ್ಕರ ಲೆಕ್ಕ. ‘ತಕದಿಮಿ’ಯ ಮೊದಲ ಮೂರು ಅಕ್ಷರ ಉದ್ದದ್ದಕ್ಕೆ, ‘ಮಿ’ ಚಿಕ್ಕದಕ್ಕೆ. ಒಂದು ಟ್ರಿಪ್ಲೆಟ್‌ನ ಅವಧಿಯನ್ನು 12 ಪಾಲು ಮಾಡಿ. ತಕಿಟ ಬೀಳುವುದು 1, 5, 9ರಲ್ಲಿ. ತಕದಿಮಿ 1, 4, 7, 10ರಲ್ಲಿ. ಅಂದರೆ ‘ಟ’ ಒಂಬತ್ತಕ್ಕೆ, ‘ಮಿ’ ಹತ್ತಕ್ಕೆ. ಟ್ರಿಪ್ಲೆಟ್‌ನ ಕೊನೆಯ ಸ್ವರ ಆದಮೇಲೆ, ಆ ಅವಧಿಯ ಹನ್ನೆರಡನೇ ಒಂದು ಪಾಲು ತಡೆದು, ರಾಗದ ಚಿಕ್ಕ ಸ್ವರ. ಎರಡನ್ನೂ ಒಟ್ಟಿಗೆ ಒತ್ತಿದರೆ ರಾಗವೂ ತಿಶ್ರಕ್ಕೆ ಜಾರಿ ಜೋಗುಳವಾಗುತ್ತದೆ. ತೀರ ತಡಮಾಡಿದರೆ ಬಿಕ್ಕಳಿಕೆ.

ಕಾಲಪ್ರಮಾಣದ ಪದಕ್ಕೂ ಎಚ್ಚರ. ಮೊದಲ ಭಾಗದ ವೇಗಸೂಚನೆ ‘ಅದಾಜೊ ಸೊಸ್ತೆನೂತೊ’ಗೆ ‘ಅತಿ ವಿಳಂಬ’ ಎಂದು ಬರೆಯಬೇಡಿ. ಬಾರ್‌ನ ಗುರುತು ನಡುವೆ ಗೀಟೆಳೆದ ಸಿ. ಎಣಿಕೆ ನಾಲ್ಕಲ್ಲ, ಎರಡು. ‘ವಿಳಂಬವಾಗಿ, ನಾದ ಹಿಡಿದು, ಬಾರ್‌ಗೆ ಎರಡೆಣಿಕೆ’ ಎನ್ನಬಹುದು. ಕಾಲುಸ್ವರಕ್ಕೆ (ಒಂದು ಟ್ರಿಪ್ಲೆಟ್‌ನ ಅವಧಿ) ಮೆಟ್ರೊನೋಮ್, ಅಂದರೆ ಎಣಿಕೆ ಬಡಿಯುವ ಯಂತ್ರವನ್ನು, ನಿಮಿಷಕ್ಕೆ 52ರಿಂದ 60ರ ಆಸುಪಾಸು ಇಟ್ಟರೆ ಎರಡೆಣಿಕೆ ಕಿವಿಗೆ ಸಿಗುತ್ತದೆ. 40ಕ್ಕೆ ಇಳಿಸಿದರೆ ಪ್ರತಿ ಟ್ರಿಪ್ಲೆಟ್ಟೂ ಒಂದೊಂದು ಎಣಿಕೆಯಾಗಿ ರಾಗದ ಉಸಿರು ಕಟ್ಟುತ್ತದೆ, ಮೇಲಿನ ಉದ್ದ ಸ್ವರವೂ ಮುಂದಿನದು ಬರುವ ಮೊದಲೇ ಸೊರಗುತ್ತದೆ.

———

ಇಬ್ಬರಿಗೂ ತುಂಬ ಧನ್ಯವಾದ. ತಿದ್ದಿದ ವಾಕ್ಯ: ‘ಈ ಭಾಗವನ್ನು ಪೂರ್ತಿ ಅತ್ಯಂತ ನವಿರಾಗಿ, ಬಲ ಪೆಡಲ್ ಒತ್ತಿಕೊಂಡು ನುಡಿಸಬೇಕು.’ ‘ತಕ್ಕದ್ದು’ ಸರ್ಕಾರಿ ಸುತ್ತೋಲೆಯಂತಿತ್ತು, ತೆಗೆದೆ. ಅಡಿಯಲ್ಲಿ ಡ್ಯಾಂಪರ್ ವಿವರ, ಅರ್ಧ ಪೆಡಲ್, ತಕಿಟ-ತಕದಿಮಿ ಲೆಕ್ಕ.

ಉಳಿದದ್ದು ಮೂರನೇ ಭಾಗ. ಅಲ್ಲಿ ‘ಕೋನ್ ಸೋರ್ದೀನೋ’ ಬಂದಲ್ಲಿ ‘ಪೆಡಲ್ ಬಿಟ್ಟು’ ಎಂದರೆ ಸಾಕೆ?

———

ಸಾಕು. ಆದರೆ ಯಾವ ಸ್ವರದಲ್ಲಿ ಎಂಬುದನ್ನು ಬರೆಯಿರಿ. ಮೊದಲ ಎರಡು ಬಾರ್‌ಗಳಲ್ಲಿ ಬಲಗೈ ಕೆಳಗಿಂದ ಮೇಲಕ್ಕೆ ಓಡುವಾಗ ಪೆಡಲ್ ಇಲ್ಲ. ಎರಡನೇ ಬಾರ್‌ನ ಕೊನೆಯಲ್ಲಿ ಬೀಳುವ ಎರಡು ಕಾರ್ಡ್‌ಗಳಿಗೆ (ಒಟ್ಟಿಗೆ ನುಡಿಸುವ ಹಲವು ಸ್ವರಗಳು) ‘ಸೆನ್ಸಾ’, ಅಂದರೆ ಅಲ್ಲಿ ಮಾತ್ರ ಒತ್ತುವುದು. ಮೂರನೇ ಬಾರ್ ಶುರುವಾಗುತ್ತಲೇ ‘ಕೋನ್’, ಬಿಡುವುದು. ಓಟಕ್ಕೆ ಬರೆದಿರುವ ಬಲ ‘ಪಿಯಾನೊ’, ಮೆಲ್ಲಗೆ ಎಂದು; ಕಾರ್ಡ್‌ಗೆ ‘ಸ್ಫೋರ್ತ್ಸಾಂದೊ’, ಒಮ್ಮೆಗೇ ಗಟ್ಟಿ. ಬಹಳ ಜನ ಓಟವನ್ನೇ ಪೆಡಲ್ ಹಾಕಿ ಜೋರಾಗಿ ನುಡಿಸುತ್ತಾರೆ, ಕಾರ್ಡ್ ಬರುವ ಹೊತ್ತಿಗೆ ಹೊಡೆಯಲು ಏನೂ ಉಳಿದಿರುವುದಿಲ್ಲ. ಓಟ ಒಣಗಿ ಮೆಲ್ಲಗಿದ್ದು, ಕಾರ್ಡ್‌ನಲ್ಲಿ ಇದ್ದಕ್ಕಿದ್ದಂತೆ ಇಡೀ ವಾದ್ಯ ತೆರೆದುಕೊಂಡರೆ ಆ ಎರಡು ಇಟಾಲಿಯನ್ ಪದಗಳನ್ನು ಅಲ್ಲಿ ಯಾಕೆ ಬರೆದಿದ್ದಾನೆಂದು ಕೇಳಿಸುತ್ತದೆ.

ಒಂದು ಕಾಗುಣಿತ: ‘ಸೋರ್ದೀನೋ’ದ ಬಹುವಚನ ‘ಸೋರ್ದೀನಿ’. ಬೇರೆ ಬೇರೆ ಮುದ್ರಣಗಳಲ್ಲಿ ಎರಡೂ ಕಾಣಬಹುದು, ಅರ್ಥ ಒಂದೇ.