ನೆಲದಡಿಯ ತಾಪನಕ್ಕೆ ಸ್ಮಾರ್ಟ್ ಥರ್ಮೋಸ್ಟಾಟ್: ಗೋಡೆಯಲ್ಲಿ ಎರಡೇ ತಂತಿ ಇವೆ, ಏನು ಕೊಳ್ಳಲಿ?

ಮೂರನೇ ಮಹಡಿ (ಪ್ರಶ್ನೆ)

ನಾವು ಈ ಫ್ಲ್ಯಾಟಿಗೆ ಬಂದು ಇದು ಮೊದಲ ಚಳಿಗಾಲ. ನೆಲದಡಿ ಬಿಸಿನೀರಿನ ಕೊಳವೆಗಳಿವೆ. ನಾಲ್ಕು ಕೋಣೆಗಳಿಗೆ ನಾಲ್ಕು ಥರ್ಮೋಸ್ಟಾಟ್, ಎಲ್ಲವೂ ಕೈಯಿಂದ ತಿರುಗಿಸುವ ಹಳೆಯವು, ಅಂಕಿಗಳು ಸವೆದು ಹೋಗಿವೆ.

ನನ್ನ ಚಿಂತೆ ಅಮ್ಮನ ಕೋಣೆಯದು. ಅವರಿಗೆ 78 ವರ್ಷ, ನಸುಕಿನ ಐದಕ್ಕೆ ಏಳುತ್ತಾರೆ. ಮಂಚದಿಂದ ಕಾಲಿಟ್ಟರೆ ನೆಲ ಮರಗಟ್ಟಿಸುವಷ್ಟು ತಣ್ಣಗೆ. ಅವರ ಥರ್ಮೋಸ್ಟಾಟನ್ನು ಕೊನೆಯವರೆಗೆ ತಿರುಗಿಸಿ ಎರಡು ದಿನ ಬಿಟ್ಟೆ, ಏನೂ ಆಗಲಿಲ್ಲ. ಪಕ್ಕದ ನನ್ನ ಓದುವ ಕೋಣೆಯಲ್ಲಿ ಮಾತ್ರ ಧಗೆ. ಅಲ್ಲಿಯದನ್ನು ತೀರಾ ಕಡಿಮೆ ಮಾಡಿದ್ದೇನೆ, ಆದರೂ ಕಿಟಕಿ ತೆರೆದೇ ಕೂರಬೇಕು. ಉಪಕರಣಗಳಿಗೆ ವಯಸ್ಸಾಗಿದೆ ಎಂದುಕೊಂಡು, ಸಮಯ ಗೊತ್ತುಪಡಿಸಬಹುದಾದ, ಮೊಬೈಲಿನಿಂದ ನೋಡಬಹುದಾದ ಸ್ಮಾರ್ಟ್ ಥರ್ಮೋಸ್ಟಾಟ್ ಹಾಕಿಸಬೇಕೆಂದಿದ್ದೇನೆ.

ಮುಖ್ಯ ಸ್ವಿಚ್ ಆರಿಸಿ ಒಂದರ ಮುಚ್ಚಳ ತೆಗೆದು ನೋಡಿದೆ. ಕಂದು ಬಣ್ಣದ್ದೊಂದು, ನೀಲಿ ಬಣ್ಣದ್ದೊಂದು, ಎರಡೇ ತಂತಿ. ನಾನು ಮೆಚ್ಚಿದ ಮಾದರಿಗೆ ನ್ಯೂಟ್ರಲ್ ಬೇಕಂತೆ. ನೀಲಿಯೇ ನ್ಯೂಟ್ರಲ್ ಅಲ್ಲವೇ? ನಡುಮನೆಯ ಕಪಾಟಿನಲ್ಲಿ ಕೊಳವೆಗಳು ಕವಲೊಡೆಯುವ ಹಿತ್ತಾಳೆಯ ಮ್ಯಾನಿಫೋಲ್ಡ್ ಇದೆ. ಅದರ ಮೇಲೆ ಆರು ಬಿಳಿ ಟೊಪ್ಪಿಗೆಗಳು, ಪಕ್ಕದಲ್ಲಿ ತಂತಿಗಳೆಲ್ಲ ಸೇರುವ ಒಂದು ಪೆಟ್ಟಿಗೆ.

ಕೊಳವೆ ಕೆಲಸ

ದಯವಿಟ್ಟು ಇನ್ನೂ ಏನನ್ನೂ ಕೊಳ್ಳಬೇಡಿ.

ಮೊದಲು ತಂತಿಯ ವಿಷಯ. ಥರ್ಮೋಸ್ಟಾಟಿಗೆ ಎರಡೇ ತಂತಿ ಬಂದಿದ್ದರೆ ಒಂದು ವಿದ್ಯುತ್ತನ್ನು ತರುತ್ತದೆ, ಇನ್ನೊಂದು ಕೋಣೆಗೆ ಶಾಖ ಬೇಕಾದಾಗ ಅದನ್ನೇ ಪೆಟ್ಟಿಗೆಗೆ ವಾಪಸು ಒಯ್ಯುತ್ತದೆ. ಕೇಬಲ್ಲಿನೊಳಗೆ ಬೇರೆ ಬಣ್ಣ ಇಲ್ಲದ್ದರಿಂದ ನೀಲಿಯನ್ನು ಆ ಕೆಲಸಕ್ಕೆ ಹಚ್ಚಿರುತ್ತಾರೆ. ಅದನ್ನು ನ್ಯೂಟ್ರಲ್ ಎಂದು ನಂಬಿ ಜೋಡಿಸಬೇಡಿ. ಅದು ನ್ಯೂಟ್ರಲ್ ಅಲ್ಲ, ಅದರಲ್ಲಿ ವಿದ್ಯುತ್ ಹರಿಯುತ್ತದೆ. ಪೆಟ್ಟಿಗೆ 230 ವೋಲ್ಟಿನದೋ 24 ವೋಲ್ಟಿನದೋ ಎಂಬುದನ್ನೂ ಅದರ ಮೇಲಿನ ಬರಹದಲ್ಲಿ ನೋಡಿಕೊಳ್ಳಿ. 24 ವೋಲ್ಟಿನದಕ್ಕೆ 230 ವೋಲ್ಟ್ ಹರಿಸಿದರೆ ಸುಟ್ಟುಹೋಗುತ್ತದೆ.

ಆದರೆ ನಿಮ್ಮ ಬರಹ ಓದುತ್ತಿದ್ದಂತೆ ನನಗೆ ಬೇರೆಯೇ ಸಂಶಯ ಬಂದಿತು. ಅಮ್ಮನ ಕೋಣೆಯಲ್ಲಿ ಹೆಚ್ಚಿಸಿದ್ದೀರಿ, ಅಲ್ಲಿ ತಂಪು. ಓದುವ ಕೋಣೆಯಲ್ಲಿ ತಗ್ಗಿಸಿದ್ದೀರಿ, ಅಲ್ಲಿ ಧಗೆ. ಎರಡರ ತಂತಿಗಳೂ ಪೆಟ್ಟಿಗೆಯಲ್ಲಿ ಅದಲುಬದಲಾಗಿವೆ ಎಂದು ನನಗನ್ನಿಸುತ್ತದೆ. ಹಾಗಿದ್ದರೆ ಅಮ್ಮನ ಕೋಣೆ ಚಳಿಯಲ್ಲಿರುವಷ್ಟು ಹೊತ್ತೂ ಅವರ ಥರ್ಮೋಸ್ಟಾಟ್ ಶಾಖ ಕೇಳುತ್ತಲೇ ಇರುತ್ತದೆ, ಆ ಶಾಖವೆಲ್ಲ ನಿಮ್ಮ ಕೋಣೆಗೆ ಹೋಗುತ್ತದೆ. ನೀವು ಸೆಕೆಯೆಂದು ನಿಮ್ಮದನ್ನು ತಗ್ಗಿಸಿದಾಗ ಅವರ ನೆಲಕ್ಕೆ ಬರುವ ನೀರು ನಿಲ್ಲುತ್ತದೆ. ಎಷ್ಟು ದುಬಾರಿಯ ಸ್ಮಾರ್ಟ್ ಉಪಕರಣ ತಂದರೂ ಇದನ್ನೇ ಮುಂದುವರಿಸುತ್ತದೆ.

ಪರೀಕ್ಷೆ ಸುಲಭ. ನಾಲ್ಕನ್ನೂ ಪೂರ್ತಿ ತಗ್ಗಿಸಿ ಕಾಲು ಗಂಟೆ ಬಿಡಿ. ಆಮೇಲೆ ಅಮ್ಮನದನ್ನು ಮಾತ್ರ ಪೂರ್ತಿ ಏರಿಸಿ ಕಪಾಟಿನ ಮುಂದೆ ನಿಲ್ಲಿ. ಆ ಬಿಳಿ ಟೊಪ್ಪಿಗೆಗಳೇ ಆ್ಯಕ್ಚುಯೇಟರುಗಳು. ಅವುಗಳೊಳಗಿನ ಮೇಣ ಕಾದು ಹಿಗ್ಗಿದಾಗ ವಾಲ್ವ್ ತೆರೆಯುತ್ತದೆ, ಅದಕ್ಕೆ ಸಾಮಾನ್ಯವಾಗಿ ಮೂರರಿಂದ ಐದು ನಿಮಿಷ ಬೇಕು. ಹೆಚ್ಚಿನವುಗಳಲ್ಲಿ ಒಂದು ಸಣ್ಣ ಸೂಚಕ ಮೇಲೇಳುವುದು ಕಾಣುತ್ತದೆ. ಯಾವುದು ಎದ್ದಿತೋ ಆ ಕೊಳವೆ ಯಾವ ಕೋಣೆಯದೆಂದು ನೆಲವನ್ನೇ ಮುಟ್ಟಿ ತಿಳಿಯಿರಿ, ಅದಕ್ಕೆ ಒಂದೆರಡು ಗಂಟೆ ಬೇಕಾದೀತು. ಹೀಗೆಯೇ ನಾಲ್ಕನ್ನೂ ನೋಡಿ.

ಬೆಚ್ಚನೆ ನೆಲ

ಮೇಲಿನವರ ಮಾತಿಗೆ ನನ್ನದೂ ಸ್ವಲ್ಪ ಸೇರಿಸುತ್ತೇನೆ. ಕಾಂಕ್ರೀಟಿನೊಳಗಿನ ಕೊಳವೆ ಅಂದರೆ ಕಾಯುವುದೂ ನಿಧಾನ, ಆರುವುದೂ ನಿಧಾನ. ಐದು ಗಂಟೆಗೆ ಬೆಚ್ಚಗಿರಬೇಕೆಂದರೆ ಎರಡು-ಮೂರು ಗಂಟೆ ಮೊದಲೇ ನೀರು ಹರಿಯಬೇಕು. ನೆಲ ಕಾಯಲು ಎಷ್ಟು ಹೊತ್ತು ಬೇಕೆಂದು ತಾನೇ ಕಲಿತು ಮುಂಚಿತವಾಗಿ ಶುರುಮಾಡುವ ಸೌಲಭ್ಯ ಇರುವುದನ್ನೇ ಆರಿಸಿ. ರಾತ್ರಿ ಎರಡು ಡಿಗ್ರಿಗಿಂತ ಹೆಚ್ಚು ತಗ್ಗಿಸಬೇಡಿ. ನಾನು ಆರು ಡಿಗ್ರಿ ಇಳಿಸುತ್ತಿದ್ದ ವರ್ಷ ನಮ್ಮ ಮನೆ ಬೆಚ್ಚಗಾಗುವಷ್ಟರಲ್ಲಿ ಎಲ್ಲರೂ ಕೆಲಸಕ್ಕೆ ಹೊರಟಿರುತ್ತಿದ್ದರು.

ಬೆಚ್ಚಗಾಗಲಿಲ್ಲವೆಂದು ನೀರಿನ ಉಷ್ಣತೆಯನ್ನು ಮನಸ್ಸಿಗೆ ಬಂದಷ್ಟು ಏರಿಸಲೂ ಬೇಡಿ. ಇಂಥ ನೆಲಕ್ಕೆ 35ರಿಂದ 45 ಡಿಗ್ರಿ ಸಾಮಾನ್ಯವಾಗಿ ಸಾಕು. ಓಡಾಡುವ ಕಡೆ ನೆಲದ ಮೇಲ್ಮೈ 29 ಡಿಗ್ರಿ, ಸ್ನಾನದ ಮನೆಯಲ್ಲಿ 33 ಡಿಗ್ರಿ ದಾಟಬಾರದು ಎಂಬುದು ಯುರೋಪಿನ ಇಎನ್ 1264 ಮಾನದಂಡ. ವಯಸ್ಸಾದವರ ಪಾದಕ್ಕೆ ಬಿಸಿ ಬೇಗ ತಿಳಿಯದೇ ಇರಬಹುದು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಗೋಡೆಗೂಡು

ನಮ್ಮದು ನೀರಿನದಲ್ಲ, ವಿದ್ಯುತ್ ತಂತಿಯ ನೆಲ. ಅಂಥವರಿಗೂ ಇಲ್ಲಿ ಉತ್ತರ ಸಿಗಲೆಂದು ಬರೆಯುತ್ತಿದ್ದೇನೆ: ಬಾಯ್ಲರಿಗೆಂದು ಮಾಡಿದ ಥರ್ಮೋಸ್ಟಾಟುಗಳಲ್ಲಿ ಅನೇಕವು ನೆಲದ ತಂತಿಯ ಹೊರೆಯನ್ನು ತಾಳಲಾರವು. 16 ಆಂಪಿಯರಿನದನ್ನು ಕೇಳಿ, 230 ವೋಲ್ಟಿನಲ್ಲಿ ಅದು ಸುಮಾರು 3,680 ವ್ಯಾಟ್ ತಾಳುತ್ತದೆ. ನೆಲದಲ್ಲಿ ಹುದುಗಿರುವ ಹಳೆಯ ಸೆನ್ಸರ್ ಹೊಸದಕ್ಕೆ ಹೊಂದುತ್ತದೆಯೇ ನೋಡಿ. 25 ಡಿಗ್ರಿಯಲ್ಲಿ 10 ಕಿಲೋಓಮ್ ತೋರಿಸುವುದು ಹೆಚ್ಚು ಬಳಕೆಯಲ್ಲಿದೆ, ಬೇರೆ ಬಗೆಯವೂ ಇವೆ. ಹೊಂದದಿದ್ದರೆ ಪರದೆಯ ಮೇಲಿನ ಉಷ್ಣತೆಯೇ ಸುಳ್ಳು.

ಮೂರನೇ ಮಹಡಿ

ಶನಿವಾರ ಪರೀಕ್ಷೆ ಮಾಡಿದೆ. ಅಮ್ಮನ ಥರ್ಮೋಸ್ಟಾಟ್ ಏರಿಸಿ ನಾಲ್ಕು ನಿಮಿಷವಾಗಿತ್ತು, ಎಡದಿಂದ ಐದನೆಯ ಟೊಪ್ಪಿಗೆಯ ಸೂಚಕ ಎದ್ದಿತು. ಮಧ್ಯಾಹ್ನದ ಹೊತ್ತಿಗೆ ಬೆಚ್ಚಗಾದದ್ದು ನನ್ನ ಓದುವ ಕೋಣೆ. ಕಪಾಟಿನ ಮುಂದೆ ಕೂತಿದ್ದವನಿಗೆ ಹೊಟ್ಟೆ ಕಿವಿಚಿದಂತಾಯಿತು. ಎರಡು ತಿಂಗಳು ಅಮ್ಮ ಎರಡು ಜೊತೆ ಉಣ್ಣೆಯ ಕಾಲುಚೀಲ ಹಾಕಿಕೊಂಡು ಮಲಗಿದ್ದರು, ಒಮ್ಮೆಯೂ ದೂರಿರಲಿಲ್ಲ.

ಸೋಮವಾರ ಎಲೆಕ್ಟ್ರಿಷಿಯನ್ ಬಂದು ಪೆಟ್ಟಿಗೆಯಲ್ಲಿ ಎರಡು ಜೋಡಿ ತಂತಿಗಳನ್ನು ಅದಲುಬದಲು ಮಾಡಿದರು. ಹತ್ತು ನಿಮಿಷದ ಕೆಲಸ. ಮರುದಿನ ನಸುಕಿನಲ್ಲಿ ನಾನೇ ಬರಿಗಾಲಲ್ಲಿ ಅವರ ಕೋಣೆಗೆ ಹೋಗಿ ನಿಂತು ನೋಡಿದೆ, ನೆಲ ಬೆಚ್ಚಗಿತ್ತು.

ಸ್ಮಾರ್ಟ್ ಥರ್ಮೋಸ್ಟಾಟಿನ ಆಸೆ ಹಾಗೇ ಇದೆ. ನಾನು ಊರಿಂದ ಹೊರಗಿರುವಾಗಲೂ ಅವರ ಕೋಣೆ ಎಷ್ಟು ಡಿಗ್ರಿಯಲ್ಲಿದೆ ಎಂದು ತಿಳಿಯಬೇಕು. ಎರಡೇ ತಂತಿಗೆ ಯಾವುದು ಸರಿ?

ಕೊಳವೆ ಕೆಲಸ

ಸಂತೋಷವಾಯಿತು. ಇನ್ನು ನಿಶ್ಚಿಂತೆಯಿಂದ ಕೊಳ್ಳಿ. ದಾರಿ ಎರಡಿವೆ: ಬ್ಯಾಟರಿಯಲ್ಲಿ ನಡೆಯುವ, ಅದೇ ಎರಡು ತಂತಿಗೆ ಕೂರುವ ಮಾದರಿ. ಇಲ್ಲವೇ ಪೆಟ್ಟಿಗೆಯನ್ನೇ ಬದಲಿಸಿ, ಕೋಣೆಗಳಲ್ಲಿ ನಿಸ್ತಂತು ಥರ್ಮೋಸ್ಟಾಟ್ ಇಡುವುದು. ನಾಲ್ಕು ಕೋಣೆಗಳಿರುವುದರಿಂದ ನಾನಾದರೆ ಎರಡನೆಯದನ್ನು ಆರಿಸುತ್ತೇನೆ. ಯಾವುದೇ ತಂದರೂ ಇಂಟರ್ನೆಟ್ ಹೋದಾಗ ಸಮಯಪಟ್ಟಿ ಉಪಕರಣದಲ್ಲೇ ಉಳಿಯುತ್ತದೆಯೇ, ಅಮ್ಮ ಮೊಬೈಲ್ ಇಲ್ಲದೆ ಗೋಡೆಯ ಮೇಲೆಯೇ ಹೆಚ್ಚು-ಕಡಿಮೆ ಮಾಡಬಹುದೇ ಎಂದು ವಿಚಾರಿಸಿ. ಪ್ರತಿ ಆ್ಯಕ್ಚುಯೇಟರಿನ ಮೇಲೂ ಕೋಣೆಯ ಹೆಸರು ಬರೆದು ಅಂಟಿಸಿಬಿಡಿ.

ಮೂರನೇ ಮಹಡಿ

ಅಂಟಿಸಿದೆ. ಅಮ್ಮನ ಕೋಣೆಯ ಚೀಟಿಯನ್ನು ಅವರೇ ಬರೆದುಕೊಟ್ಟರು.