ವುಡ್‌ವರ್ಡ್ ರಸ್ತೆಯ ಬಸ್ ನಿಲ್ದಾಣ ಮೊದಲು ದನದ ಕೊಟ್ಟಿಗೆ ಆಗಿತ್ತಂತೆ, ನೋಡಿದವರು ಇದ್ದೀರಾ?

ಫರ್ನ್‌ಡೇಲ್ ಹುಡುಗ:

ಎಲ್ಲರಿಗೂ ನಮಸ್ಕಾರ. ನಾನು ಡೆಟ್ರಾಯಿಟ್ ಕಡೆಗೆ ಬಂದು ಎಂಟು ತಿಂಗಳಾಯಿತು. ಊರು ತಿಪಟೂರು. ಇನ್ನೂ ಕಾರು ತಗೊಂಡಿಲ್ಲ, ದಿನಾ ಬಸ್ಸಲ್ಲೇ ಓಡಾಟ. ಎಯ್ಟ್ ಮೈಲ್ ರಸ್ತೆ ಹತ್ತಿರ ಜೇಸನ್ ಹಾರ್ಗ್ರೋವ್ ಟ್ರಾನ್ಸಿಟ್ ಸೆಂಟರ್ ಇದೆಯಲ್ಲ, ಅಲ್ಲಿ ಬಸ್ ಬದಲಾಯಿಸುತ್ತೇನೆ. ನಿಲ್ದಾಣ 2024ರದ್ದು, ಕಟ್ಟಡ ಮಾತ್ರ ತುಂಬಾ ಹಳೇದು. ಬಸ್ಸಿಗೆ ಅಂತ ಕಟ್ಟಿದ್ದಲ್ಲ ಅಂತ ನೋಡಿದ ತಕ್ಷಣ ಗೊತ್ತಾಗುತ್ತದೆ.

ಮೊನ್ನೆ ವಯಸ್ಸಾದ ಡ್ರೈವರ್ ಒಬ್ಬರನ್ನು ಕೇಳಿದೆ. "ಇಲ್ಲಿ ಹಸು ಕಟ್ತಿದ್ರು. ಇಡೀ ಜಾಗ ಸ್ಟೇಟ್ ಫೇರ್ ಮೈದಾನ. ರೇಸ್ ಟ್ರ್ಯಾಕ್ ಕೂಡ ಇತ್ತು" ಅಂದರು. ಅಷ್ಟರಲ್ಲಿ ಬಸ್ ಹೊರಡುವ ಹೊತ್ತಾಯಿತು. ಈಗ ಪಕ್ಕದಲ್ಲಿ ಅಮೆಜಾನ್ ಗೋದಾಮು ಬಿಟ್ಟರೆ ಏನೂ ಕಾಣಲ್ಲ. ಆ ಫೇರ್ ಹೇಗಿತ್ತು? ನಮ್ಮವರು ಹೋಗುತ್ತಿದ್ದರಾ? ನೋಡಿದವರು ದಯವಿಟ್ಟು ಬರೆಯಿರಿ.

ಚನ್ನರಾಯಪಟ್ಟಣದವಳು:

ಹೌದು ಕಣಪ್ಪ, ಕೊಟ್ಟಿಗೆಯೇ. ಆ ಕಟ್ಟಡದೊಳಗೆ ಕೂತು ನಾನು ಹಾಲು ಕರೆದಿದ್ದೇನೆ.

ನಾನು ಈ ದೇಶಕ್ಕೆ ಬಂದಿದ್ದು 1976ರ ಫೆಬ್ರವರಿಯಲ್ಲಿ. ಮದುವೆಯಾಗಿ ಆರು ತಿಂಗಳಾಗಿತ್ತು, ವಯಸ್ಸು ಇಪ್ಪತ್ತೊಂದು. ತವರಿನಲ್ಲಿ ಎಂಟು ರಾಸು ಇದ್ದವು, ಎಲ್ಲಾ ಹಳ್ಳಿಕಾರ್. ಬೆಳಗ್ಗೆ ಎದ್ದರೆ ಮೊದಲು ಸಗಣಿ ಬಾಚುವುದು, ಆಮೇಲೆ ಮುಖ ತೊಳೆಯುವುದು. ಅಲ್ಲಿಂದ ಓಕ್ ಪಾರ್ಕಿನ ಎರಡನೇ ಮಹಡಿಯ ಮನೆಗೆ ಬಂದೆ. ಕಿಟಕಿ ತೆಗೆದರೆ ಹಿಮ. ಯಜಮಾನರು ಆರು ಗಂಟೆಗೇ ಕಾರ್ಖಾನೆಗೆ ಹೊರಟುಬಿಡುತ್ತಿದ್ದರು. ನನಗೆ ಇಂಗ್ಲಿಷ್ ಓದೋಕೆ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಇಡೀ ದಿನ ಯಾರ ಹತ್ತಿರ ಮಾತಾಡಲಿ? ಆರು ತಿಂಗಳು ಹಾಗೇ ಕಳೆದೆ.

ಆಗಸ್ಟ್ ಕೊನೆಗೆ ಯಜಮಾನರ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಹೇಳಿದರಂತೆ, ಹೆಂಡತೀನ ಫೇರ್‌ಗೆ ಕರಕೊಂಡು ಹೋಗು ಅಂತ. ಹೋದೆವು. ಜೈಂಟ್ ವೀಲ್, ಬ್ಯಾಂಡು, ಎಣ್ಣೆಯಲ್ಲಿ ಏನೋ ಕರಿಯುವ ವಾಸನೆ, ಎಲ್ಲಿ ನೋಡಿದರೂ ಜನ. ಮೈಸೂರು ದಸರಾ ವಸ್ತುಪ್ರದರ್ಶನಕ್ಕೆ ಒಮ್ಮೆ ಹೋಗಿದ್ದೆ, ಅದೇ ನೆನಪಾಯಿತು. ಚೆನ್ನಾಗಿದೆ ಅಂದುಕೊಂಡು ಸುಮ್ನೆ ನಡೀತಿದ್ದೆ. ಆಗ ಒಂದು ಗಾಳಿ ಬೀಸಿತು. ಸಗಣಿ, ಗಂಜಲ, ಒಣಹುಲ್ಲು ಮೂರೂ ಸೇರಿದ ವಾಸನೆ. ನಿನಗೆ ಗೊತ್ತಿರುತ್ತದೆ, ತಿಪಟೂರಿನವನು. ನಾನು ಯಾರನ್ನೂ ಕೇಳಲಿಲ್ಲ, ಆ ವಾಸನೆ ಹಿಡಿದು ನಡೆದೆ. ಯಜಮಾನರು ಹಿಂದಿನಿಂದ ಕೂಗುತ್ತಿದ್ದರಂತೆ, ನನಗೆ ಕೇಳಿಸಲೇ ಇಲ್ಲ.

ಒಳಗೆ ಸಾಲಾಗಿ ಹಸುಗಳು. ಕಪ್ಪು ಬಿಳುಪಿನ ಹೋಲ್‌ಸ್ಟೀನ್, ಕಂದು ಜರ್ಸಿ. ಹಿಣಿಲಿಲ್ಲ, ಕೊಂಬಿಲ್ಲ. ಕೆಚ್ಚಲು ನೋಡಿ ಗಾಬರಿಯಾಯಿತು, ಅಷ್ಟು ದೊಡ್ಡದು. ನಮ್ಮ ಹಳ್ಳಿಕಾರ್ ಹಸುವಿನ ಹಾಲು ಕರುವಿಗೂ ಮನೆಗೂ ಹಂಚಿದರೆ ಮುಗಿಯಿತು. ಒಂದು ಜರ್ಸಿ ಮುಂದೆ ನಿಂತೆ. ಹತ್ತು ವರ್ಷದ ಹುಡುಗಿ ಅದರ ಮೈ ಉಜ್ಜುತ್ತಿದ್ದಳು. ನಾನು ಕೈ ಚಾಚಿ ಗಂಗೆದೊಗಲು ತುರಿಸಿದೆ. ಹಸು ಕತ್ತು ಮೇಲೆತ್ತಿ, ಉದ್ದಕ್ಕೆ ಚಾಚಿ, ಕಣ್ಣು ಅರ್ಧ ಮುಚ್ಚಿತು. ನಮ್ಮ ಗೌರಿ ಥೇಟ್ ಹೀಗೇ ಮಾಡುತ್ತಿದ್ದಳು. ನನಗೆ ಅಳು ತಡೆಯಲಾಗಲಿಲ್ಲ.

ಹುಡುಗಿಯ ತಂದೆ ನೋಡಿದರು. ಥಂಬ್ ಕಡೆಯ ರೈತರು (ಮಿಷಿಗನ್ ನಕ್ಷೆಯಲ್ಲಿ ಹೆಬ್ಬೆರಳಿನ ಹಾಗೆ ಕಾಣುವ ಹಳ್ಳಿಗಾಡು), ಕೈ ನೋಡಿದರೇ ಗೊತ್ತಾಗುತ್ತಿತ್ತು. ಏನೋ ಕೇಳಿದರು, ಅರ್ಥವಾಗಲಿಲ್ಲ. ನಾನು ಕೈಯಲ್ಲೇ ಹಾಲು ಕರೆಯುವ ಹಾಗೆ ಮಾಡಿ ತೋರಿಸಿದೆ. ಅವರು ನಗುತ್ತಾ ಒಂದು ಬಕೆಟ್ ತಂದು ಮುಂದಿಟ್ಟರು. ಕೂರೋಕೆ ಸ್ಟೂಲು ಕೊಡಲು ಬಂದರು, ಬೇಡ ಅಂದೆ. ಸೀರೆ ಸೆರಗು ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತೆ. ನಮ್ಮಲ್ಲಿ ಕರು ಬಿಟ್ಟ ಮೇಲೇ ಹಸು ಹಾಲಿಳಿಸುವುದು. ಈ ಹಸುವಿಗೆ ಕರು ಪಕ್ಕದಲ್ಲಿರಲಿಲ್ಲ. ಕೆಚ್ಚಲಿಗೆ ನೀರು ಚಿಮುಕಿಸಿ, ಸವರಿ, ಬಾಯಲ್ಲಿ "ಬಾ ತಾಯಿ, ಬಾ" ಅಂತ ಹೇಳುತ್ತಲೇ ಇದ್ದೆ. ಎರಡು ನಿಮಿಷಕ್ಕೆ ಇಳಿಸಿತು. ಬಕೆಟ್ಟಿನ ತಳಕ್ಕೆ ಚೊರ್ ಚೊರ್ ಅಂತ ಬೀಳುವ ಸದ್ದು. ಆಮೇಲೆ ನೊರೆ ಬಂದು ಸದ್ದು ಮೆತ್ತಗಾಯಿತು. ತಲೆಯೆತ್ತಿ ನೋಡಿದರೆ ಸುತ್ತ ಇಪ್ಪತ್ತು ಮೂವತ್ತು ಜನ. ಡೆಟ್ರಾಯಿಟಿನ ಕಪ್ಪು ಮಕ್ಕಳು ಬಗ್ಗಿ ಬಗ್ಗಿ ನೋಡುತ್ತಿದ್ದರು. ಒಬ್ಬ ಪುಟ್ಟ ಹುಡುಗ ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟು ನಿಂತ. ಈ ದೇಶದಲ್ಲಿ ನನಗೊಂದು ಕೆಲಸ ಬರುತ್ತದೆ ಅಂತ ಅವತ್ತು ಅನ್ನಿಸಿತು.

ಅವತ್ತಿನಿಂದ ಪ್ರತಿ ವರ್ಷ ಹೋದೆ. ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ರಜ ಅಂದರೆ ನಮ್ಮ ಮನೆಯಲ್ಲಿ ಜಾತ್ರೆ. ನಮ್ಮ ಕಡೆ ಬೂಕನಬೆಟ್ಟದ ದನಗಳ ಜಾತ್ರೆ ಇದೆ, ಹಾಸನ ಜಿಲ್ಲೆಯವರಿಗೆ ಗೊತ್ತು. ಅಪ್ಪ ಎತ್ತಿನ ತುಟಿ ಎತ್ತಿ ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದೆ (ಎಲ್ಲಾ ಹಲ್ಲೂ ಬಂದಿದೆ) ಅಂತ ವಯಸ್ಸು ನೋಡುತ್ತಿದ್ದರು. ದಲ್ಲಾಳಿ ಟವೆಲ್ ಕೆಳಗೆ ಕೈಬೆರಳು ಹಿಡಿದು ವ್ಯಾಪಾರ ಮಾಡುತ್ತಿದ್ದ. ಇಲ್ಲಿ ಬೇರೆ ರೀತಿ. ಮಕ್ಕಳು ತಾವೇ ಸಾಕಿದ ಕರು ಹಿಡಿದು ಬರುತ್ತಿದ್ದರು. ತೀರ್ಪುಗಾರರು ಬೆನ್ನು, ಕಾಲು, ಕೆಚ್ಚಲು ನೋಡಿ ನೀಲಿ ರಿಬ್ಬನ್ ಕೊಡುತ್ತಿದ್ದರು. ರಾತ್ರಿ ಆ ಮಕ್ಕಳು ಹುಲ್ಲಿನ ಮೇಲೆ ದನದ ಪಕ್ಕದಲ್ಲೇ ಮಲಗುತ್ತಿದ್ದರು. ಬೂಕನಬೆಟ್ಟದಲ್ಲಿ ನಾವೂ ಗಾಡಿ ಕೆಳಗೆ ಹಾಗೇ ಮಲಗುತ್ತಿದ್ದೆವು.

ತಿನ್ನೋಕೆ ನಮ್ಮಂಥ ಸಸ್ಯಾಹಾರಿಗಳಿಗೆ ಸುಟ್ಟ ಜೋಳ. ಅವರು ಬೆಣ್ಣೆಯಲ್ಲಿ ಅದ್ದಿ ಕೊಡುತ್ತಿದ್ದರು. ನಾನು ಮನೆಯಿಂದಲೇ ಉಪ್ಪು ಖಾರದ ಪೊಟ್ಟಣ, ಅರ್ಧ ನಿಂಬೆಹಣ್ಣು ತಗೊಂಡು ಹೋಗುತ್ತಿದ್ದೆ.

ಮಗಳು ಶಾಲೆಗೆ ಬರೆದ ಪ್ರಬಂಧದಿಂದ ಒಂದಿಷ್ಟು ಇತಿಹಾಸ ನನಗೂ ಗೊತ್ತು. ಮಿಷಿಗನ್ ಸ್ಟೇಟ್ ಫೇರ್ ಮೊದಲು ನಡೆದಿದ್ದು 1849ರಲ್ಲಿ, ಡೆಟ್ರಾಯಿಟಿನಲ್ಲೇ. ಆಮೇಲೆ ಎಷ್ಟೋ ವರ್ಷ ಊರೂರು ತಿರುಗಿತು. ಹಡ್ಸನ್ಸ್ ಅಂಗಡಿಯ ಜೋಸೆಫ್ ಹಡ್ಸನ್ ಮತ್ತು ಜೊತೆಯವರು ವುಡ್‌ವರ್ಡ್ ರಸ್ತೆಯಲ್ಲಿ 135 ಎಕರೆ ಕೊಂಡು ಕೃಷಿ ಸಂಘಕ್ಕೆ ಒಂದೇ ಒಂದು ಡಾಲರಿಗೆ ಬರೆದುಕೊಟ್ಟರು. 1905ರಿಂದ ಫೇರ್ ಅಲ್ಲೇ ನೆಲೆ ನಿಂತಿತು.

ನಿನಗೆ ಇನ್ನೊಂದು ಹೇಳಲೇಬೇಕು. ಮೈದಾನದಲ್ಲಿ ಒಂದು ಭಾರೀ ಒಲೆ ಇತ್ತು, ಗಾರ್ಲೆಂಡ್ ಸ್ಟವ್. 25 ಅಡಿ ಎತ್ತರ, 15 ಟನ್ ತೂಕ. 1893ರ ಷಿಕಾಗೋ ವಿಶ್ವಮೇಳಕ್ಕೆ ಅಂತ ಮಾಡಿದ್ದು. ಕಬ್ಬಿಣದ ಹಾಗೆ ಕಾಣುತ್ತಿತ್ತು, ಆದರೆ ಪೂರ್ತಿ ಓಕ್ ಮರ. 1974ರಲ್ಲಿ ಬಿಚ್ಚಿಟ್ಟಿದ್ದರಂತೆ. ಹಾಗಾಗಿ ನಾನು ನೋಡಿದ್ದು 1998ರಲ್ಲಿ, ರಿಪೇರಿ ಮಾಡಿ ಮತ್ತೆ ನಿಲ್ಲಿಸಿದಾಗ. ಅದರ ಕೆಳಗೆ ನಾವು ತಾಯಿ ಮಗಳು ನಿಂತ ಫೋಟೋ ನಮ್ಮ ಅಡುಗೆಮನೆಯಲ್ಲಿದೆ. 2011ರ ಆಗಸ್ಟಿನಲ್ಲಿ ಸಿಡಿಲು ಬಡಿದು ಸುಟ್ಟುಹೋಯಿತು. ಆಗ ಫೇರ್ ನಿಂತು ಎರಡು ವರ್ಷ. ಇಡೀ ಮೈದಾನ ಖಾಲಿ ಬಿದ್ದಿತ್ತು.

ಕೊನೆಯ ಫೇರ್ 2009ರದ್ದು. ಆ ವರ್ಷ ಕ್ರೈಸ್ಲರ್, ಜನರಲ್ ಮೋಟರ್ಸ್ ಎರಡೂ ದಿವಾಳಿ ಅರ್ಜಿ ಹಾಕಿದ್ದವು. ನಮ್ಮ ಪರಿಚಯದ ಎಷ್ಟೋ ಮನೆಗಳಲ್ಲಿ ಕೆಲಸ ಹೋಗಿತ್ತು. ಫೇರ್‌ಗೆ ದುಡ್ಡು ಕೊಡೋದನ್ನು ಗವರ್ನರ್ ಗ್ರಾನ್‌ಹೋಮ್ ಅಕ್ಟೋಬರಿನಲ್ಲಿ ನಿಲ್ಲಿಸಿದರು. ರಾಜ್ಯದ ಕೈಯಲ್ಲಿ ಕಾಸಿರಲಿಲ್ಲ, ಅದು ನಿಜ. ಆದರೂ ನನಗೆ ಸಂಕಟವಾಗುತ್ತದೆ. ಎಯ್ಟ್ ಮೈಲ್ ಅಂದರೆ ಏನು ಅಂತ ನಿನಗೆ ಇಷ್ಟರಲ್ಲಿ ಗೊತ್ತಾಗಿರಬೇಕು. ಒಂದು ಕಡೆ ಕಪ್ಪು ಜನರ ಊರು, ಇನ್ನೊಂದು ಕಡೆ ಬಿಳಿಯರ ಊರು. ಥಂಬ್ ಕಡೆಯ ರೈತನ ಮಗಳು, ಡೆಟ್ರಾಯಿಟಿನ ಕಪ್ಪು ಹುಡುಗ, ಸೀರೆ ಉಟ್ಟ ನಾನು, ಮೂವರೂ ಒಂದೇ ಹಸುವಿನ ಸುತ್ತ ನಿಲ್ಲುವ ಜಾಗ ಇನ್ನೊಂದಿರಲಿಲ್ಲ. ಅದನ್ನು ಕಳಕೊಂಡೆವು.

ಹೈಲ್ಯಾಂಡ್ ಪಾರ್ಕ್ ನಿವೃತ್ತ:

ಅಮ್ಮಾ, ನಿಮ್ಮ ಬರಹ ಓದಿ ಕಣ್ಣು ತುಂಬಿತು. ರೇಸ್ ಟ್ರ್ಯಾಕ್ ವಿಷಯ ನಾನು ಹೇಳುತ್ತೇನೆ.

ಅದು ಒಂದು ಮೈಲಿ ಸುತ್ತಿನ ಮಣ್ಣಿನ ಟ್ರ್ಯಾಕ್. ಮಿಷಿಗನ್‌ನಲ್ಲಿ ಕುದುರೆ ರೇಸಿನ ಬಾಜಿಗೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1933ರಲ್ಲಿ. ಆಗ ಇಲ್ಲಿ ದೊಡ್ಡ ಮಟ್ಟದಲ್ಲಿ ಕುದುರೆ ಓಡಿದವು. 1950ರಲ್ಲಿ ಲಿವೋನಿಯಾದಲ್ಲಿ ಹೊಸ ರೇಸ್ ಕೋರ್ಸ್ ಬಂತು, ಕುದುರೆಗಳು ಅತ್ತ ಹೋದವು.

ಆದರೆ ನಮ್ಮ ಆಫೀಸಿನ ಹಿರಿಯರು ಹೇಳುತ್ತಿದ್ದದ್ದು ಕಾರಿನ ರೇಸ್. ನಾನು 1979ರಲ್ಲಿ ಹೈಲ್ಯಾಂಡ್ ಪಾರ್ಕಿನಲ್ಲಿ ಕ್ರೈಸ್ಲರ್ ಸೇರಿದೆ. ಪಕ್ಕದ ಡ್ರಾಯಿಂಗ್ ಬೋರ್ಡಿನಲ್ಲಿ ಕೂರುತ್ತಿದ್ದ ಹಿರಿಯರು 1951ರ ಆಗಸ್ಟ್ 12ರ ರೇಸನ್ನು ಕಣ್ಣಾರೆ ಕಂಡವರು. ಡೆಟ್ರಾಯಿಟ್ ಹುಟ್ಟಿ 250 ವರ್ಷ ಅಂತ 250 ಮೈಲಿಯ ರೇಸ್, ಅಂದರೆ 250 ಸುತ್ತು. ಹೆಸರು ಮೋಟರ್ ಸಿಟಿ 250. ದಕ್ಷಿಣದ ರಾಜ್ಯಗಳಲ್ಲಿ ಬೆಳೆಯುತ್ತಿದ್ದ ನ್ಯಾಸ್ಕಾರ್ ಅನ್ನುವ ಕಾರ್ ರೇಸ್ ಸಂಸ್ಥೆ, ಕಾರು ಮಾಡುವವರ ಮನೆ ಬಾಗಿಲಿಗೇ ಬಂದಿತ್ತು. ಗೆದ್ದವರು ಟಾಮಿ ಥಾಂಪ್ಸನ್, ಓಡಿಸಿದ್ದು ಕ್ರೈಸ್ಲರ್. ಕೊನೆಯ ಸುತ್ತುಗಳಲ್ಲಿ ಕರ್ಟಿಸ್ ಟರ್ನರ್ ಕಾರಿಗೂ ಇವರ ಕಾರಿಗೂ ತಾಗಾಟವಾಯಿತಂತೆ. ಆ ವರ್ಷವೇ ನಮ್ಮ ಕಂಪನಿಯ ಹೊಸ ವಿ-8 ಎಂಜಿನ್ ಬಂದಿತ್ತು, 180 ಅಶ್ವಶಕ್ತಿ. ಹಿರಿಯರು ಆ ಧೂಳು ನೆನೆಸಿಕೊಂಡು ಕರ್ಚೀಫಿನಲ್ಲಿ ಮುಖ ಒರೆಸುವ ಹಾಗೆ ಮಾಡಿ ತೋರಿಸುತ್ತಿದ್ದರು. "ಮನೆಗೆ ಹೋದಾಗ ನಮ್ಮಮ್ಮ ಗುರುತು ಹಿಡಿಯಲಿಲ್ಲ" ಅನ್ನುತ್ತಿದ್ದರು.

ಬೇರೆ ಕುದುರೆ ಟ್ರ್ಯಾಕ್‌ಗಳೂ ಹೋದವು. ಲಿವೋನಿಯಾದ್ದು 1998ರಲ್ಲಿ ಮುಚ್ಚಿತು. ಮಿಡಲ್‌ಬೆಲ್ಟ್ ರಸ್ತೆಯ ಕಾಸ್ಟ್‌ಕೋದಲ್ಲಿ ಅಕ್ಕಿ ಚೀಲ ಗಾಡಿಗೆ ಹಾಕುತ್ತೀರಲ್ಲ, ಅದೇ ಜಾಗ. ಹೇಜಲ್ ಪಾರ್ಕ್ 2018ರಲ್ಲಿ ಮುಚ್ಚಿತು. ಕುದುರೆಗೆ ಪುಟ್ಟ ಗಾಡಿ ಕಟ್ಟಿ ಓಡಿಸುತ್ತಿದ್ದ ನಾರ್ಥ್‌ವಿಲ್ ಡೌನ್ಸ್ 1944ರದ್ದು, ಅದೂ 2024ರ ಫೆಬ್ರವರಿಯಲ್ಲಿ ನಿಂತಿತು. ಕೊನೆಯ ವಾರ ನಾನು ಮೊಮ್ಮಗನನ್ನು ಕರಕೊಂಡು ಹೋಗಿದ್ದೆ. ಬಾಜಿ ಕಟ್ಟಲಿಲ್ಲ. ಕಂಬಿ ಹತ್ತಿರ ನಿಂತರೆ ಚಳಿಯಲ್ಲಿ ಕುದುರೆಯ ಮೂಗಿನಿಂದ ಹೊಗೆ ಬರುವುದು, ಗಾಡಿ ಗಾಲಿಯ ಸದ್ದು, ಎಲ್ಲಾ ಹತ್ತಿರದಿಂದ ಸಿಗುತ್ತಿತ್ತು. ಅವನಿಗೆ ಆರು ವರ್ಷ. ನೆನಪಿಟ್ಟುಕೊಳ್ಳುತ್ತಾನೆ ಅಂತ ನಂಬಿದ್ದೇನೆ.

ಕ್ಯಾಂಟನ್ ಕನ್ನಡತಿ:

ಡೆಟ್ರಾಯಿಟ್ ಹೊರಗಿನ ನೋವೈ ಊರಲ್ಲಿ 2012ರಿಂದ ಮತ್ತೆ ಫೇರ್ ನಡೀತಿದೆಯಲ್ವಾ? ನಾವು ಮಕ್ಕಳನ್ನು ಕರಕೊಂಡು ಹೋಗಿದ್ದೆವು. ಹಸು, ಹಂದಿ, ಕುರಿ ಎಲ್ಲಾ ಇತ್ತು. ಮಕ್ಕಳಿಗಂತೂ ತುಂಬಾ ಖುಷಿಯಾಯಿತು.

ಚನ್ನರಾಯಪಟ್ಟಣದವಳು:

ನಡೀತಿದೆ ತಾಯಿ, ಖಂಡಿತ ಹೋಗಿ. ನಡೆಸುತ್ತಿರುವವರಿಗೆ ಪುಣ್ಯ ಬರಲಿ. ನಾನೂ ಎರಡು ಸಲ ಹೋಗಿದ್ದೆ. ಕಾರು ಇದ್ದವರಿಗೆ ಅದು ಹತ್ತಿರ. ವುಡ್‌ವರ್ಡ್ ಫೇರ್‌ಗೆ ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ಬಸ್ಸಿಳಿದು ಬರುತ್ತಿದ್ದ ತಾಯಂದಿರನ್ನು ನೋಡಿದ್ದೇನೆ. ಅವರು ನೋವೈಗೆ ಹೇಗೆ ಬರಬೇಕು? ನನ್ನ ಮನಸ್ಸು ಅಲ್ಲೇ ನಿಲ್ಲುತ್ತದೆ.

ರಾಯರೇ, ನೀವು ಹೇಳಿದ ರೇಸು ನನ್ನ ಯಜಮಾನರಿಗೆ ಕೇಳಿಸಬೇಕಿತ್ತು. ಅವರು ಹೋಗಿ ನಾಲ್ಕು ವರ್ಷವಾಯಿತು. ನಾನು ಕೊಟ್ಟಿಗೆ ಸೇರಿದರೆ ಅವರು ಹೊರಗೆ ಟ್ರ್ಯಾಕ್ಟರುಗಳ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಸಂಜೆ ಐದಕ್ಕೆ ಜೋಳದ ಅಂಗಡಿ ಹತ್ತಿರ ಸೇರುವುದು ಅಂತ ಮಾತು. ಒಂದು ದಿನಾನೂ ತಪ್ಪಿಸಲಿಲ್ಲ.

ಫರ್ನ್‌ಡೇಲ್ ಹುಡುಗ:

ಅಮ್ಮಾ, ಸರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಸಂಜೆ ನಿಲ್ದಾಣದಲ್ಲಿ ಎರಡು ಬಸ್ ಬಿಟ್ಟು ಕೂತೆ. ಜೇಸನ್ ಹಾರ್ಗ್ರೋವ್ ಯಾರು ಅಂತಲೂ ವಿಚಾರಿಸಿದೆ. 2020ರಲ್ಲಿ ಕೋವಿಡ್‌ನಿಂದ ತೀರಿಕೊಂಡ ಬಸ್ ಡ್ರೈವರ್. ಬಸ್ಸಿನಲ್ಲಿ ಒಬ್ಬರು ಬಾಯಿ ಮುಚ್ಚದೆ ಕೆಮ್ಮುತ್ತಿದ್ದರು ಅಂತ ವಿಡಿಯೋದಲ್ಲಿ ನೋವು ಹೇಳಿಕೊಂಡು, ಕೆಲವೇ ದಿನಕ್ಕೆ ಹೋಗಿಬಿಟ್ಟರಂತೆ. ನಾನು ಮಾತಾಡಿಸಿದ ಡ್ರೈವರ್ ಆ ಹೆಸರು ಹೇಳುವಾಗ ಟೋಪಿ ತೆಗೆದರು.

ಅಮ್ಮಾ, ನಿಮಗೆ ಆ ಕಟ್ಟಡ ಈಗ ನೋಡಬೇಕು ಅನ್ನಿಸುತ್ತದಾ?

ಚನ್ನರಾಯಪಟ್ಟಣದವಳು:

ಅನ್ನಿಸುತ್ತದಪ್ಪ. ಕೆಡವದೆ ಉಳಿಸಿಕೊಂಡರಲ್ಲ, ಅದೇ ದೊಡ್ಡದು. ಆ ಡ್ರೈವರ್ ಹೆಸರು ಇಟ್ಟಿದ್ದೂ ಸರಿಯಾಗಿದೆ. ಶನಿವಾರ ಮಗಳಿಗೆ ರಜ, ಹನ್ನೊಂದು ಗಂಟೆಗೆ ಕರಕೊಂಡು ಬರುತ್ತಾಳೆ. ನನಗೆ ಮಂಡಿನೋವು, ಜಾಸ್ತಿ ಹೊತ್ತು ನಿಲ್ಲಲಾರೆ. ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತಿರುತ್ತೇನೆ, ಹಸಿರು ಶಾಲು ಹೊದ್ದಿರುತ್ತೇನೆ. ಜೋಳ ಸುಟ್ಟು ಫಾಯಿಲ್‌ನಲ್ಲಿ ಸುತ್ತಿ ತರುತ್ತೇನೆ, ನೀನು ಊಟ ಮಾಡದೆ ಬಾ. ರಾಯರೇ, ಮೊಮ್ಮಗನನ್ನು ಕರಕೊಂಡು ನೀವೂ ಬನ್ನಿ. ಆ ಜರ್ಸಿ ಎಲ್ಲಿ ಕಟ್ಟಿದ್ದರು ಅಂತ ಒಳಗೆ ಹೋದರೆ ತೋರಿಸುತ್ತೇನೆ.